ಬಾಲದ ಹಗ್ಗ

ಭಾವನಿಗೆ ಒಂದು ಪಾಠ ಕಲಿಸ್ದೆ ಬಿಡಲ್ಲ ಅಂತ ಅವಳು ಹಲ್ಲು ಕಚ್ಚಿ ತೀರ್ಮಾನ ಮಾಡಿದ್ದು ಊಟದ ಮೇಜಲ್ಲಿ.

ಆಗಿದ್ದಿಷ್ಟೇ. ಫ್ಲೈಯಿಂಗ್ ಕ್ಲಬ್ಬಲ್ಲಿ ಮೊದಲ್ನೇ ದಿನ ಪುಟ್ಟ ವಿಮಾನನ ನೆಲದ ಮೇಲೆ ಓಡಿಸೋಕೆ ಕೂರಿಸಿದ್ರು. ಎದುರಿಗಿದ್ದ ಹಿಡಿ ಥೇಟ್ ಕಾರಿನ ಸ್ಟೀರಿಂಗ್ ಥರಾನೇ ಇತ್ತು, ತಿರುಗಿಸಿದ್ಲು. ವಿಮಾನ ಕ್ಯಾರೇ ಅನ್ನಲಿಲ್ಲ. ಇನ್ನೂ ಜೋರಾಗಿ ತಿರುಗಿಸಿದ್ಲು. ನೆಲದ ಮೇಲೆ ಅದು ತಿರುಗೋದು ಕಾಲಿನ ಪೆಡಲ್ ಒತ್ತಿದ್ರೆ, ಕೈಯಲ್ಲಲ್ಲ. ಪಕ್ಕ ಕೂತಿದ್ದ ಮೇಷ್ಟ್ರು ಬ್ರೇಕ್ ಒತ್ತೋಷ್ಟರಲ್ಲಿ ವಿಮಾನ ಹುಲ್ಲಿಗಿಳಿದು ದಾರಿಬದಿಯ ದೀಪ ಒಂದನ್ನ ಮಲಗಿಸಿತ್ತು.

ಆ ಕ್ಲಬ್ಬಲ್ಲೊಂದು ಪದ್ಧತಿ. ನೆಲದ ಮೇಲೆ ತಪ್ಪು ಮಾಡಿದೋರ ಕೊರಳಿಗೆ, ಚಕ್ರಕ್ಕೆ ಅಡ್ಡ ಕೊಡೋ ಮರದ ತುಂಡು ನೇತುಹಾಕ್ತಾರೆ. ಅವಳ ಕೊರಳಿಗೂ ಬಿತ್ತು. ಇನ್ನೊಬ್ರು ತಪ್ಪು ಮಾಡಬೇಕು, ಇಲ್ಲಾ ತಾನೇ ಒಬ್ಬಳೇ ನೆಲದ ಹಳದಿ ಗೆರೆ ಬಿಡದೆ ಕ್ಲಬ್ಬಿನ ಪೆಟ್ರೋಲ್ ಪಂಪಿನವರೆಗೂ ಓಡಿಸಿ ತೋರಿಸಬೇಕು. ಅಲ್ಲಿವರೆಗೂ ಕ್ಲಬ್ಬಲ್ಲಿ ಅದನ್ನ ಇಳಿಸಂಗಿಲ್ಲ.

ಅಕ್ಕನ ಗಂಡ ಅದೇ ಕ್ಲಬ್ಬಿನ ಹಳೇ ಹುಲಿ. ಅವತ್ತು ರಾತ್ರಿ ಊಟದ ತಟ್ಟೆ ಎತ್ತಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ತೋರಿಸಿದ. "ನೋಡಿ ಮಾವ, ನಿಮ್ಮ ಮಗಳು ಹಿಂಗೆ, ಹಿಂಗೆ. ಹಾರ್ನ್ ಎಲ್ಲಿದೆ ಅಂತ ಬೇರೆ ಕೇಳಿದ್ಲಂತೆ."

ಅಪ್ಪ ಕಣ್ಣಲ್ಲಿ ನೀರು ಬರೋಹಾಗೆ ನಕ್ಕರು. ಅಕ್ಕನೂ ನಕ್ಕಳು. ಹಾರ್ನ್ ಕೇಳಿದ್ದು ಶುದ್ಧ ಸುಳ್ಳು, ಅದೇ ಅವಳಿಗೆ ಜಾಸ್ತಿ ಉರಿದಿದ್ದು. ಅವತ್ತಿಂದ ಅವಳ ಹೆಸರು ಸ್ಟೀರಿಂಗಮ್ಮ.

ಅವಳು ಹಠಕ್ಕೆ ಬಿದ್ದಳು. ಮನೇಲಿ ಕುರ್ಚಿ ಮುಂದೆ ಎರಡು ಇಟ್ಟಿಗೆ ಇಟ್ಕೊಂಡು, ಕೈ ಎರಡೂ ತೊಡೆ ಕೆಳಗೆ ಸಿಗಿಸ್ಕೊಂಡು, ಕಾಲಲ್ಲೇ ಎಡ, ಬಲ ಒತ್ತಿ ಒತ್ತಿ ಅಭ್ಯಾಸ ಮಾಡಿದ್ಲು. ಎಡ ಒತ್ತಿದಾಗಲೆಲ್ಲ ಭಾವನ ಮುಖ ನೆನಪಾಗ್ತಿತ್ತು. ಬಲ ಒತ್ತಿದಾಗಲೂ ಅದೇ ಮುಖ.

ಮೇಷ್ಟ್ರು ಹೇಳಿದ್ದೆಲ್ಲ ಬಾಯಿಪಾಠ. ನಡೆಯೋ ವೇಗ ಸಾಕು, ಚಕ್ರ ಉರುಳಿದ ತಕ್ಷಣ ಬ್ರೇಕ್ ಒತ್ತಿ ನೋಡು, ಹೊರಡೋ ಮುಂಚೆ ವಿಮಾನದ ಸುತ್ತ ಒಂದು ಸುತ್ತು ಬಂದು ಎಲ್ಲಾ ಕೈಯಿಂದ ಮುಟ್ಟಿ ನೋಡು.

ಕೊನೆಗೂ ಒಬ್ಬಳೇ ಪಂಪಿನವರೆಗೆ ಓಡಿಸಿ ತೋರಿಸೋ ಪರೀಕ್ಷೆ ದಿನ ಬಂತು. ಅವಳು ತನ್ನ ವಿಮಾನದ ಪಕ್ಕ ಸರದಿಗೆ ಕಾಯ್ತಾ ನಿಂತಿದ್ರೆ, ಭಾವ ಅಪ್ಪನ್ನ ಹಾರಿಸ್ಕೊಂಡು ಬರೋಕೆ ಕರ್ಕೊಂಡು ಬಂದಿದ್ದ.

"ಏನ್ ಸ್ಟೀರಿಂಗಮ್ಮ, ದೀಪಗಳಿಗೆಲ್ಲ ಓಡಿಹೋಗಿ ಅಂತ ಹೇಳಿದ್ಯಾ?"

"ನೀವು ಹೊರಡಿ ಭಾವ."

ಭಾವ ಕಿವಿಗೆ ಫೋನ್ ಇಟ್ಕೊಂಡು, ಯಾರ ಜೊತೆಗೋ ನಗ್ತಾ ತನ್ನ ವಿಮಾನದ ಸುತ್ತ ಒಂದು ಸುತ್ತು ಬಂದ. ಗಾಳಿಗೆ ಅಲುಗದ ಹಾಗೆ ನೆಲಕ್ಕೆ ಕಟ್ಟಿದ್ದ ರೆಕ್ಕೆಗಳ ಹಗ್ಗ ಬಿಚ್ಚಿದ. ಬಾಲದ್ದು ಬಿಚ್ಚಲೇ ಇಲ್ಲ. ನೆಲದ ಕೊಂಡಿಗೆ ಅದು ಗಟ್ಟಿಯಾಗಿ ಕಟ್ಟಿತ್ತು.

ಅವಳು ನೋಡಿದ್ಲು. ಬಾಯಿ ತೆರೆದ್ಲು. ಆ ತಟ್ಟೆ ನೆನಪಾಯ್ತು. ಬಾಯಿ ಮುಚ್ಚಿದ್ಲು.

ಎಂಜಿನ್ ಶುರುವಾಯ್ತು. ವಿಮಾನ ಒಂದು ಗೇಣು ಮುಂದೆ ಬಂದು ನಿಂತಿತು. ಭಾವ ಬ್ರೇಕ್ ಕಡೆ ಬಗ್ಗಿ ನೋಡಿದ. ಶಕ್ತಿ ಜಾಸ್ತಿ ಕೊಟ್ಟ. ವಿಮಾನ ಒದ್ದಾಡ್ತು, ಅಷ್ಟೇ. ಕ್ಲಬ್ಬಿನ ಮೆಟ್ಟಿಲ ಮೇಲೆ ಜನ ಎದ್ದು ನಿಂತರು, ಒಬ್ಬ ಕಿಸಕ್ಕಂತ ನಕ್ಕ. ಆಹಾ, ಅವಳ ಹೊಟ್ಟೆ ತಣ್ಣಗಾಯ್ತು. ಇನ್ನೂ ಸ್ವಲ್ಪ ಕೊಡಿ ಭಾವ, ಇನ್ನೂ ಸ್ವಲ್ಪ.

ಕೊಟ್ಟ. ಹಗ್ಗ ತಂತಿ ಥರ ಬಿಗೀತು, ಒಂದು ಎಳೆ ಪಟ್ಟಂತ ಕಿತ್ತು ಬಂತು. ಹಗ್ಗ ಹರಿದ್ರೆ ವಿಮಾನ ನೆಗೆದು ನೇರ ಎದುರಿಗಿದ್ದ ಪೆಟ್ರೋಲ್ ಲಾರಿಗೆ. ಕಿಟಕೀಲಿ ಅಪ್ಪ ಅವಳ ಕಡೆ ಕೈ ಬೀಸ್ತಿದ್ರು.

ಅವಳು ಪ್ರೊಪೆಲ್ಲರಿಂದ ದೂರ ಸುತ್ತಿ ಓಡಿ, ಭಾವನಿಗೆ ಕಾಣೋ ಕಡೆ ನಿಂತು, ತಲೆ ಮೇಲೆ ಎರಡೂ ಕೈ ಅಡ್ಡ ಹಿಡಿದ್ಲು. ಎಂಜಿನ್ ನಿಂತಿತು.

ಭಾವ ಇಳಿದು ಬಾಲದ ಹತ್ರ ಹೋಗಿ ನೋಡಿದ. ಅವನ ಮುಖ ಇಂಗು ತಿಂದ ಹಾಗಾಯ್ತು. ಅವಳು ತನ್ನ ಕೊರಳಿನ ಮರದ ತುಂಡು ತೆಗೆದು ಅವನ ಕೊರಳಿಗೆ ಹಾಕಿದ್ಲು. ಮೆಟ್ಟಿಲ ಮೇಲೆ ಚಪ್ಪಾಳೆ.

ಮೇಷ್ಟ್ರು ಚಪ್ಪಾಳೆ ಹೊಡೀಲಿಲ್ಲ. "ಹಗ್ಗ ಯಾವಾಗ ನೋಡಿದ್ಯಮ್ಮ?"

ಸುಳ್ಳು ಹೇಳಬಹುದಿತ್ತು. "ಎಂಜಿನ್ ಶುರುವಾಗೋಕೆ ಮುಂಚೆ ಸರ್."

"ಹಂಗಾದ್ರೆ ಪರೀಕ್ಷೆ ಇವತ್ತಿಲ್ಲ. ಮುಂದಿನ ತಿಂಗಳು."

"ಸರಿ ಸರ್."

ಬೇಜಾರಾಯ್ತಾ? ಅಪ್ಪನ್ನ ನೋಡಿದಾಗ ಎದೆ ಒಂಚೂರು ಚುರ್ ಅಂತು. ಆದ್ರೆ ಮನೆಗೆ ಹೊರಟಾಗ ಮರದ ತುಂಡು ತೊಡೆ ಮೇಲಿಟ್ಕೊಂಡು ಭಾವ ಕಾರಿನ ಕೀ ತಿರುಗಿಸೋದು ನೋಡಿ, ಹಿಂದಿನ ಸೀಟಿಂದ ಮುಂದಕ್ಕೆ ಬಗ್ಗಿ ಮೆತ್ತಗೆ ಕೇಳಿದ್ಲು.

"ಭಾವ, ಕಾರಿನ ಹಗ್ಗ ಬಿಚ್ಚಿದ್ರಾ?"

ಅಪ್ಪ ಕಣ್ಣಲ್ಲಿ ನೀರು ಬರೋಹಾಗೆ ನಕ್ಕರು.