ಕಿನುಯೊ ಅಕ್ಕನ ಉತ್ತರ

ನಮ್ಮ ಕೊಲ್ಲಿಯ ವಸ್ತುಸಂಗ್ರಹಾಲಯದ ಗೋಡೆಗೋಡೆಯಲ್ಲೂ, ನೀಲಿಬೆಳಕು ಸೂಸುವ ಸ್ಕ್ವಿಡ್ ಜಾತಿಯ ಆ ಬೆರಳುದ್ದದ ಬೊಂಡಾಸವನ್ನು 'ಹೊತಾರುಇಕಾ', ಅಂದರೆ ಮಿಂಚುಹುಳದ ಬೊಂಡಾಸ, ಎಂದೇ ಬರೆದಿದ್ದಾರೆ. ಆದರೆ ಅಲ್ಲೇ ದುಡಿದು ಮುಪ್ಪಾದ ಕಿನುಯೊ ಅಕ್ಕನ ಬಾಯಲ್ಲಿ ಆ ಹೆಸರು ಒಮ್ಮೆಯೂ ಬಂದದ್ದಿಲ್ಲ. ಅವಳಿಗೆ ಅದು ಅಜ್ಜಂದಿರ ಕಾಲದ 'ಮಾತ್ಸುಇಕಾ'.

"ಬಂದೋರು ಗಲಿಬಿಲಿಯಾಗ್ತಾರೆ ಅಕ್ಕಾ" ಎಂದು ಮೇಲ್ವಿಚಾರಕ ನರಿಕಾವಾ ಗೋಗರೆದರೆ, "ಆಗ್ಲಿ ಬಿಡಪ್ಪ, ನಾನು ಆಗಿಲ್ವಾ?" ಎಂದು, ಅಪ್ಪನ ಕಾಲದ ದೊಗಳೆ ಕೋಟಿನೊಳಗೆ ಮುದುಡಿಕೊಂಡು, ರಬ್ಬರ್ ಬೂಟು ಎಳೆಯುತ್ತ ನಡೆದುಬಿಡುವಳು.

ಅವಳ ಗಲಿಬಿಲಿ ಬಂದರಿಗೆಲ್ಲ ಗೊತ್ತು. ಹರೆಯದಲ್ಲಿ ಅವಳು ಮೆಚ್ಚಿದ್ದ ಎಯಿಸಾಕು, ಉತ್ತರಸಮುದ್ರಕ್ಕೆ ಹೊರಟ ಹಡಗಿನ ಕಟಾಂಜನ ಹಿಡಿದು, ಭೋರಿಡುವ ಗಾಳಿಯ ನಡುವೆ "ಮಾತ್ಸು ಕಾ?" ಎಂದು ಕೂಗಿದ್ದ. ಕಾಯ್ತೀಯಾ ಎಂದರ್ಥ. ಇವಳ ಕಿವಿಗೆ ಬಿದ್ದದ್ದು 'ಮಾತ್ಸುಇಕಾ?'. ಬೊಂಡಾಸ ಬೇಕೇ ಎಂದು ಕೇಳುತ್ತಿದ್ದಾನೆಂದು ತಿಳಿದು, ಎರಡೂ ಕೈ ಆಡಿಸಿ, "ಬೇಡ ಬೇಡ! ಮನೇಲಿ ಬೇಕಾದಷ್ಟಿದೆ!" ಎಂದು ನಗುತ್ತ ಕೂಗಿಬಿಟ್ಟಳು. ಅವನಿಗೆ ಬೇಡ ಎಂಬುದಷ್ಟೇ ಕೇಳಿಸಿತು. ಅವನು ಮದುವೆಯಾಗಿ ಆ ಕಡೆಯೇ ನೆಲೆನಿಂತ ಮೇಲೆ, ಅವನ ತಂಗಿಯ ಬಾಯಿಂದ ಇವಳಿಗೆ ನಿಜ ತಿಳಿಯಿತು.

"ಜೊತೆಗೆ ಬಾಳೋಕಲ್ಲ ಕಣೇ, ಒಂದ್ಸಲ ಬಂದ್ರೆ ಸಾಕು. ಸರಿಯಾದ ಉತ್ತರ ಹೇಳ್ಬಿಡ್ತೀನಿ" ಎಂದು ಕಿನುಯೊ ಆ ತಂಗಿಗೆ ಹೇಳುತ್ತಿದ್ದಳು. ಈ ದಡದಲ್ಲಿ ಹುಟ್ಟಿದವನು ಈ ಬೆಳಕು ನೋಡಲಾದರೂ ಬಂದೇ ಬರುತ್ತಾನೆಂಬ ನಂಬಿಕೆಯಲ್ಲಿ, ಜೀವಂತ ಬೊಂಡಾಸಗಳ ಪ್ರದರ್ಶನವಿರುವ ವಸಂತಕಾಲದಲ್ಲಿ ಅವಳು ಒಂದು ದಿನವೂ ರಜೆ ಹಾಕಿದವಳಲ್ಲ.

ಕಳೆದ ವಸಂತದಲ್ಲಿ, ದೀಪವಾರಿಸಿದ ಸಭಾಂಗಣದಲ್ಲಿ ಬಂದವರೆಲ್ಲ ಸೇರಿ ಬೊಂಡಾಸದ ತೊಟ್ಟಿಯೊಳಗಿನ ಬಲೆ ಎಳೆದರು. ತೊಟ್ಟಿಯ ನೀರು ನೀಲಿಯಾಗಿ ಹೊತ್ತಿ ಆರಿತು. ಆ ಕತ್ತಲಲ್ಲಿ ಮುದಿದನಿಯೊಂದು "ಮಾತ್ಸು ಕಾ?" ಎಂದಿತು.

"ಕಾಯ್ತೀನಿ!" ಎಂದಳು ಕಿನುಯೊ, ಸಭಾಂಗಣಕ್ಕೆಲ್ಲ ಕೇಳುವಂತೆ.

ದೀಪ ಹತ್ತಿತು. ಯಾವುದೋ ಊರಿನ ಮುದುಕ, ಇನ್ನೊಂದು ಪ್ರದರ್ಶನಕ್ಕೆ ಕಾಯೋಣವೇ ಎಂದು ಹೆಂಡತಿಯನ್ನು ಕೇಳಿದ್ದನಷ್ಟೆ. "ನೋಡ್ರೀ, ನಿಮ್ಮನ್ನ ಕಾಯೋರು ಇಲ್ಲೂ ಒಬ್ರಿದ್ದಾರೆ!" ಎಂದು ಆಕೆ ನಕ್ಕಳು. ಕಿನುಯೊ ಕೂಡ ನಕ್ಕಳು. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು, "ಮುಂದಿನ ಸಾಲಿನೋರು ಬನ್ನಿ" ಎಂದಳು.

ಕೇಳಿದವರು ಎಂದೋ ಮರೆತ ಪ್ರಶ್ನೆಯ ಉತ್ತರವನ್ನು ನಾಲಗೆಯ ತುದಿಯಲ್ಲೇ ಇಟ್ಟುಕೊಂಡು ಬದುಕುವ ಇಂಥ ಜೀವಗಳು ಎಲ್ಲ ಊರುಗಳಲ್ಲೂ ಇರುತ್ತವೆ. ಕತ್ತಲಲ್ಲಿ ಒಂದು ದನಿ ಸಾಕು, ಹೇಳಿಬಿಡುತ್ತವೆ. ಬೆಳಕಾದಾಗ ಎದುರಿಗೆ ನಿಂತವನು ಯಾರೇ ಆಗಿರಲಿ.