ಯಾರೂ ಕೇಳದ ಮೊಣಕೈ

ಏಳನೇ ಸುತ್ತು ಮುಗಿಸಿ ಬಂದಾಗ ಬೆಂಚಿನ ಈ ತುದಿ ಪೂರ್ತಿ ಖಾಲಿಯಾಗಿತ್ತು. ಕ್ಲೆಮ್ ಬೊರೊವ್ಸ್ಕಿ ಒಬ್ಬನೇ ಕೂತ. ಉಳಿದವರು ಆ ತುದಿಗೆ ಒತ್ತರಿಸಿಕೊಂಡು ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುತ್ತ, ಅವನನ್ನೊಂದು ಬಿಟ್ಟು ಮಿಕ್ಕೆಲ್ಲದರ ಕಡೆ ನೋಡುತ್ತಿದ್ದರು. ಅವರದು ತಪ್ಪಲ್ಲ. ಅವನ ಎಸೆತದಲ್ಲಿ ಎದುರು ತಂಡಕ್ಕೆ ಇನ್ನೂ ಒಂದು ಹೊಡೆತವೂ ದಕ್ಕಿರಲಿಲ್ಲ. ಒಂಬತ್ತೂ ಸುತ್ತು ಹಾಗೇ ಮುಗಿದರೆ ಅದು ಚೆಂಡೆಸೆಯುವ ಪಿಚರ್‌ಗೆ ಜನ್ಮಕ್ಕೊಮ್ಮೆ ಸಿಗುವ ಗೌರವ. ಅಂಥ ದಿನ ಪಿಚರ್‌ನ ಪಕ್ಕ ಕೂರಬಾರದು, ಅವನನ್ನು ಮಾತಾಡಿಸಬಾರದು, ಆಗುತ್ತಿರುವುದನ್ನು ಬಾಯಿಬಿಟ್ಟು ಆಡಲೇಬಾರದು. ಆಡಿದರೆ ಕೈಗೆ ಬಂದದ್ದು ಜಾರಿತೆಂದೇ ಲೆಕ್ಕ. ಹೊಟ್ಟೆ ಬಂದ ಈ ಗಂಡಸರ ಭಾನುವಾರದ ಬೇಸ್‌ಬಾಲಿನಲ್ಲೂ ಆ ನೇಮ ತಪ್ಪುವಂತಿರಲಿಲ್ಲ.

ಯಾರಾದರೂ ಕೈ ಹೇಗಿದೆ ಎಂದು ಕೇಳಲಿ ಎಂದು ಅವನು ನಾಲ್ಕನೇ ಸುತ್ತಿನಿಂದ ಕಾಯುತ್ತಿದ್ದ.

ಮೊಣಕೈಯ ಒಳಮಗ್ಗುಲಲ್ಲಿ ಬಿಸಿ ತಂತಿ ಎಳೆದಂಥ ನೋವು. ಅದು ಇಳಿಯುತ್ತ ಹೋಗಿ ಕಿರುಬೆರಳು ಮರಗಟ್ಟಿತ್ತು. ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಮೈಗೆ ಸ್ವಲ್ಪ ಕೆಲಸ ಕೊಡು ಅಂದಿದ್ದರು. ಇವನು ಅಟ್ಟದಿಂದ ಹಳೇ ಗ್ಲೌಸ್ ಇಳಿಸಿದ್ದ. ನಡೆಯೋಕೆ ಹೇಳಿದರೆ ಎಸೆಯೋಕೆ ಹೋಗ್ತೀಯಲ್ಲ ಎಂದು ಹೆಂಡತಿ ರೋಸಲಿ ಅಂದಳು, ಆಮೇಲೆ ಅನ್ನುವುದನ್ನೂ ಬಿಟ್ಟಳು. ಕಳೆದ ತಿಂಗಳು ಅದೇ ಡಾಕ್ಟರು ಮೊಣಕೈ ಒತ್ತಿ ನೋಡಿ, ಇದು ಪೂರಾ ಹರಿದರೆ ಆ ಕೈ ತಲೆ ಮೇಲೆ ಎತ್ತುವುದನ್ನು ಮರೆತುಬಿಡು ಎಂದಿದ್ದರು. ಕ್ಲೆಮ್ ಮನೆಗಳ ಒಳಛಾವಣಿಗೆ ಬಣ್ಣ ಬಳಿಯುವವನು. ತಲೆ ಮೇಲೆ ಕೈ ಎತ್ತುವುದೇ ಅವನ ಬದುಕು.

ಕೈ ನೋಯುತ್ತಿದೆಯೆಂದು ತಾನಾಗಿ ಹೇಳಬಹುದಿತ್ತು. ಹೇಳಿದರೆ ಆಟ ಬಿಟ್ಟು ಓಡಿದ್ದಾಗುತ್ತಿತ್ತು. ಕೇಳಿದ ಮೇಲೆ ಹೇಳಿದರೆ ಬರೀ ಉತ್ತರ. ಅಷ್ಟು ತೆಳುವಾದ ಗೆರೆಯನ್ನು ದಾಟಲಾರದಷ್ಟು ಅವನು ದಣಿದಿದ್ದ.

ನೀರಿನ ಲೋಟ ಎತ್ತಿಕೊಂಡ. ಬೆರಳು ಕೂಡಲಿಲ್ಲ. ಲೋಟ ಜಾರಿ ಬೂಟಿನ ಮೇಲೆ ಬಿತ್ತು. ಎಲ್ಲರೂ ಕಂಡರು, ಎಲ್ಲರೂ ಮೈದಾನದಾಚೆಯ ಸರೋವರದ ಕಡೆ ಮುಖ ತಿರುಗಿಸಿದರು. ಬ್ಯಾಟರ್‌ನ ಹಿಂದೆ ಕೂತು ಅವನ ಎಸೆತ ಹಿಡಿಯುವ ಕ್ಯಾಚರ್ ಡೆನಿಸ್ ಹ್ಯಾಲೊರನ್ ಮಾತ್ರ ಮೊಣಕಾಲಿನ ಪಟ್ಟಿ ಬಿಗಿಯುತ್ತಿದ್ದವನು ಕೈ ನಿಲ್ಲಿಸಿದ. ಬೇರೆ ದಿನವಾದರೆ ಕ್ಲೆಮ್‌ನ ಹೊಟ್ಟೆಯ ಬಗ್ಗೆ ಬಾಯಿಗೆ ಬಂದದ್ದು ಆಡುವ ಆಸಾಮಿ.

ಎದ್ದು ಬಂದು ಕ್ಲೆಮ್‌ನ ಪಕ್ಕದಲ್ಲೇ ಕೂತ. ಬೆಂಚಿನ ಆ ತುದಿಯಲ್ಲಿ ಸಿಪ್ಪೆ ಉಗುಳುವ ಸದ್ದು ನಿಂತಿತು.

"ಏನೋ ಮುದುಕಪ್ಪ," ಎಂದ ಡೆನಿಸ್, ಎಲ್ಲರಿಗೂ ಕೇಳುವ ಹಾಗೆ. "ಇನ್ನೂ ಒಂದೂ ಹೊಡೆಸಿಕೊಂಡಿಲ್ಲ ಅಲ್ವಾ ನೀನು?"

ಯಾರೋ ಟೋಪಿ ಕಿತ್ತು ನೆಲಕ್ಕೆಸೆದರು. ಇಪ್ಪತ್ತು ವರ್ಷ ಆಡಿದವನಿಗೆ ಇಷ್ಟೂ ಗೊತ್ತಾಗಲ್ವಾ ಎಂದು ಒಬ್ಬ, ಇವನ ಬಾಯಿಗೆ ಹೊಲಿಗೆ ಹಾಕ್ರೋ ಎಂದು ಇನ್ನೊಬ್ಬ. ಡೆನಿಸ್ ತಲೆ ಬಗ್ಗಿಸಿ ಮುಖ ಕಾಯುವ ಜಾಲರಿ ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡ.

ಎಂಟನೇ ಸುತ್ತಿನ ಮೊದಲ ಬ್ಯಾಟರ್ ಬಂದು ನಿಂತಾಗ ಡೆನಿಸ್ ಕುಕ್ಕರಗಾಲಲ್ಲಿ ಕೂತು ಒಂದು ಬೆರಳು ತೋರಿಸಿದ. ನೇರ ಎಸೆತ ಎಂಬ ಸನ್ನೆ. ಆಮೇಲೆ ಗ್ಲೌಸನ್ನು ನಟ್ಟನಡುವೆ ಹಿಡಿದ, ಮಗುವಿಗೆ ಚೆಂಡು ಎಸೆಯಲು ಹಿಡಿಯುವ ಹಾಗೆ. ಅಲ್ಲಿ ಎಸೆದರೆ ಯಾರು ಬೇಕಾದರೂ ಹೊಡೆಯಬಹುದು. ಕ್ಲೆಮ್ ಆ ಗ್ಲೌಸನ್ನು ತುಂಬ ಹೊತ್ತು ನೋಡಿದ. ಇಂಥ ದಿನ ತನಗೆ ಇನ್ನೊಂದು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗ್ಲೌಸ್ ಅಲುಗಲಿಲ್ಲ.

ಕೇಳಿದಲ್ಲಿಗೇ ಎಸೆದ, ಮೆಲ್ಲಗೆ.

ಬ್ಯಾಟರ್ ಹೊಡೆದ ಚೆಂಡು ಕ್ಲೆಮ್‌ನ ತಲೆಯ ಮೇಲೆ ಹಾದು ಹುಲ್ಲಿನಲ್ಲಿ ಬಿತ್ತು. ಬೈಗುಳವೆಲ್ಲ ಡೆನಿಸ್‌ಗೇ ಹೋಯಿತು. ಕ್ಲೆಮ್ ಚೆಂಡನ್ನು ಮುಂದಿನ ಪಿಚರ್‌ನ ಕೈಗಿಟ್ಟು ನಡೆದ; ಯಾರೂ ಅವನನ್ನು ತಡೆಯಲಿಲ್ಲ.

ಆಟ ಮುಗಿದು ಎಲ್ಲರೂ ಬಿಯರ್ ಕಡೆ ಹೋದ ಮೇಲೆ ಡೆನಿಸ್ ಮಂಜುಗಡ್ಡೆಯ ಚೀಲ ತಂದು ಕ್ಲೆಮ್‌ನ ಮೊಣಕೈಗೆ ಒತ್ತಿದ. ಡೆನಿಸ್‌ನನ್ನು ಯಾರೂ ಬಿಯರಿಗೆ ಕರೆದಿರಲಿಲ್ಲ.

"ಕೈ ಹೇಗಿದೆ?"

ಕ್ಲೆಮ್ ಕೈಯನ್ನು ನಿಧಾನವಾಗಿ, ಬಣ್ಣ ಬಳಿಯುವಾಗ ಎತ್ತುವ ಹಾಗೆ, ತಲೆಯ ಮೇಲಕ್ಕೆ ಎತ್ತಿದ. ಅದು ತಡೆತಡೆದು ಹೋಯಿತು, ಆದರೆ ಹೋಯಿತು. ಅದು ಇಳಿದ ಮೇಲೆ ಡೆನಿಸ್ ಚೀಲವನ್ನು ಮತ್ತೆ ಮೊಣಕೈಗೆ ಒತ್ತಿದ.