ಮಿಡತೆಯ ಸರ್ವೀಸ್

ಅಪ್ಪ ಪಂಪಿನ ಸೂಜಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಚೆಂಡಿನ ತೂತಿಗೆ ಚುಚ್ಚಿದರು. ತಂಗಿ ಚೆಂಡನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದಿದ್ದಳು. ಗಾಳಿ ತುಂಬಿದ ಮೇಲೆ ಅಪ್ಪ ಹೆಬ್ಬೆರಳಿನಿಂದ ಅದುಮಿ ನೋಡಿ ನನ್ನ ಕಡೆ ಉರುಳಿಸುತ್ತಿದ್ದರು. ನಾನು ಒರೆಸಿ ಬಲೆಯ ಚೀಲಕ್ಕೆ ಹಾಕುತ್ತಿದ್ದೆ. ಪಂಪಿನ ಏದುಸಿರು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ.

ಮಾರನೇ ದಿನ ವಾಲಿಬಾಲ್ ಹುಡುಗಿಯರ ಆ ವರ್ಷದ ಕೊನೆಯ ಪಂದ್ಯ. ಮಾತಾಡುವುದು ಬೇಕಾದಷ್ಟಿತ್ತು. ಆದರೆ ಆಟದ ಮಾತು ಹೊಸ್ತಿಲು ದಾಟಿ ಒಳಗೆ ಬರಬಾರದು ಅನ್ನುವುದು ಅಪ್ಪನದೇ ಕಟ್ಟಳೆ. ಅಂಕಣದಲ್ಲಿ ಅವರನ್ನು ಅಪ್ಪ ಅನ್ನುವ ಹಾಗಿಲ್ಲ, ಸರ್ ಅನ್ನಬೇಕು. ಹೀಗಾಗಿ ತಂಗಿಗೆ ತನ್ನ ಆಟದ ಬಗ್ಗೆ ಅಪ್ಪನನ್ನು ಏನಾದರೂ ಕೇಳಬೇಕೆಂದರೆ ಜಾಗವೇ ಇರಲಿಲ್ಲ.

ಈ ಕಟ್ಟಳೆಗೆ ಕಾರಣ ಹಿಂದಿನ ವರ್ಷದ ಕೋಚ್. ಬ್ಯಾಂಕಿನವರು. ಅವರ ಮಗಳು ಚೆಂಡು ಬಂದರೆ ತಲೆ ಮುಚ್ಚಿಕೊಳ್ಳುವವಳು, ಆದರೂ ಒಂದು ಪಂದ್ಯಕ್ಕೂ ಹೊರಗೆ ಕೂತವಳಲ್ಲ. ಒಮ್ಮೆ ಅವಳಿಂದಲೇ ಸೋತಾಗ ಉಳಿದ ಅಪ್ಪ ಅಮ್ಮಂದಿರು ಅವಳೆದುರೇ ಕೂಗಾಡಿದರು. ಅವಳು ಅತ್ತಳು, ಬ್ಯಾಂಕಿನವರು ಸೀಟಿ ಎಸೆದು ಹೋದರು. ಮುಂದೆ ಯಾರು ಅಂತ ಸಭೆ ಸೇರಿದಾಗ ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಂಡರು. ಸಂಬಳವಿಲ್ಲದ ಕೆಲಸ, ಭಾನುವಾರಗಳನ್ನೆಲ್ಲ ನುಂಗುವ ಕೆಲಸ. ಅಪ್ಪ ಕೈ ಎತ್ತಿದರು.

"ಒಂದು ಮಾತು," ಅಂದರು. "ಊರಿಗೊಂದು ನ್ಯಾಯ, ಮನೆಗೊಂದು ನ್ಯಾಯ ನನ್ನ ಹತ್ರ ನಡೆಯಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹಿಂದಿನ ಸಾಲಿನಿಂದ ತಂಗಿಯನ್ನು ನೋಡಿದೆ. ಅವಳೂ ತಟ್ಟುತ್ತಿದ್ದಳು.

ಅವಳನ್ನು ತಂಡದವರು ಮಿಡತೆ ಅನ್ನುತ್ತಾರೆ. ಕುಳ್ಳಿ, ಆದರೆ ನೆಗೆತ ನೋಡಬೇಕು. ಅಪ್ಪ ಮಾತ್ರ ಅವಳನ್ನು ಅಂಗಿಯ ನಂಬರಿನಿಂದ ಕರೆಯುತ್ತಾರೆ, ಹನ್ನೊಂದು ಅಂತ. ಬೇರೆಯವರ ಮಕ್ಕಳೆಲ್ಲ ಅವರ ಬಾಯಲ್ಲಿ 'ಮಗಳೇ'.

ಅಪ್ಪ ಡ್ರೈವಿಂಗ್ ಕಲಿಸುವವರು. ಅವರ ಕಾರಿನಲ್ಲಿ ಕಲಿಯುವವರಿಗೊಂದು ಬ್ರೇಕು, ಪಕ್ಕದಲ್ಲಿ ಕೂತ ಅಪ್ಪನಿಗೊಂದು ಬ್ರೇಕು. ಎಷ್ಟು ವರ್ಷದ ಅಭ್ಯಾಸವೋ, ಅಂಕಣದ ಗೆರೆಯಾಚೆ ನಿಂತಾಗಲೂ ಬಲಗಾಲು ಸುಮ್ಮನಿರುವುದಿಲ್ಲ. ನಾನು ಬೆಂಚಿನ ತುದಿಯಲ್ಲಿ ನೀರಿನ ಬಾಟಲಿಗಳ ಪಕ್ಕ ಕೂರುತ್ತೇನೆ. ಶಾಲೆ ಬಿಟ್ಟ ಮೇಲೆ ನನಗೆ ಸಿಕ್ಕ ಹುದ್ದೆ ಅದು. ಅಲ್ಲಿಂದ ಅಪ್ಪನ ಬೂಟು ಚೆನ್ನಾಗಿ ಕಾಣುತ್ತದೆ. ಬೇರೆ ಹುಡುಗಿಯರ ಬಳಿ ಚೆಂಡು ಬಂದಾಗ ಬೂಟು ಆರಾಮಾಗಿರುತ್ತದೆ. ಮಿಡತೆ ಚೆಂಡಿಗೆ ಹೋದಳೋ, ನೆಲವನ್ನು ಒತ್ತುತ್ತದೆ.

ಒತ್ತುವುದಷ್ಟೇ ಆಗಿದ್ದರೆ ಸರಿ. ಅಂಕಗಳು ಹತ್ತಿರ ಹತ್ತಿರ ಬಂದು, ಸರ್ವೀಸ್ ಸರದಿ ಇನ್ನೇನು ಅವಳದು ಅನ್ನುವಷ್ಟರಲ್ಲಿ ಅಪ್ಪ ಅವಳನ್ನು ಹೊರಗೆ ಕರೆದು ಬೇರೆಯವಳನ್ನು ಕಳಿಸಿಬಿಡುತ್ತಿದ್ದರು. ಪ್ರತಿ ಪಂದ್ಯದಲ್ಲೂ ಇದೇ. ಅವಳೋ ಬೇಸಿಗೆಯಿಡೀ ಡ್ರೈವಿಂಗ್ ಶಾಲೆಯ ಹಿಂದಿನ ಗೋಡೆಗೆ ಸರ್ವೀಸ್ ಹೊಡೆದು ಹೊಡೆದು ಗಾರೆ ಉದುರಿಸಿ ಮಾಲೀಕರಿಂದ ಬೈಸಿಕೊಂಡಿದ್ದಳು.

ಚೀಲವನ್ನು ಕಾರಿನ ಡಿಕ್ಕಿಗೆ ಇಡಲು ಹೋದಾಗ ಅವಳು ನನ್ನ ಹಿಂದೆಯೇ ಬಂದಳು.

"ಅಕ್ಕಾ, ನಾಳೆಯೂ ಸರ್ವೀಸ್ ಹೊತ್ತಿಗೆ ತೆಗೆದ್ರೆ ಮುಗೀತು. ನಾನು ಇನ್ನು ಆಡಲ್ಲ."

"ಅಪ್ಪಂಗೆ ಹೇಳು."

"ಎಲ್ಲಿ ಹೇಳ್ಲಿ? ಒಳಗೆ ಆಟದ ಮಾತಿಲ್ಲ, ಅಲ್ಲಿ ಅಪ್ಪ ಇಲ್ಲ. ರಸ್ತೆ ಮಧ್ಯೆ ನಿಂತ್ಕೊಂಡು ಕೂಗ್ಲಾ?"

"ನಾನು ಹೇಳ್ತೀನಿ."

"ನೀನಾ?" ಅವಳು ನಕ್ಕಳು. "ಅಂಗಡಿಯವನು ಕೊಳೆತ ಹಣ್ಣು ಕೊಟ್ರೂ ಥ್ಯಾಂಕ್ಸ್ ಹೇಳಿ ತರೋಳು ನೀನು."

ಮಾರನೇ ದಿನ ಪಂದ್ಯ ಮೂರನೇ ಸೆಟ್ಟಿಗೆ ಬಂತು. ಔಷಧಿ ಅಂಗಡಿಯವರ ಮಗಳು ಎರಡು ಸರ್ವೀಸನ್ನು ಬಲೆಗೇ ಹೊಡೆದಿದ್ದಳು. "ಪರವಾಗಿಲ್ಲ ಮಗಳೇ, ಮುಂದಿಂದು ನೋಡು," ಅಂದಿದ್ದರು ಅಪ್ಪ. ಬೆಂಚಿನಲ್ಲಿ ನನ್ನ ಪಕ್ಕ ಬೇಕರಿಯಮ್ಮ ಇದ್ದರು. ಹಿಂದೆ ಚೆನ್ನಾಗಿ ಆಡುತ್ತಿದ್ದವರು. ಅವರ ಮಗಳು ದೊಡ್ಡವರ ತಂಡಕ್ಕೆ ಹೋದ ಮೇಲೂ ಅಪ್ಪನ ನೆರವಿಗೆ ಬರುತ್ತಿದ್ದರು. ಇನ್ನೆರಡು ಅಂಕ ಬಂದರೆ ಗೆಲುವು. ಮುಂದಿನ ಸರದಿ ಮಿಡತೆಯದು. ಎದುರು ತಂಡದವರು ವಿರಾಮ ಕೇಳಿದರು.

ನಾನು ಬಾಟಲಿ ಹಂಚುತ್ತಾ ಹೋಗಿ ಅಪ್ಪನ ಹತ್ತಿರ ನಿಂತೆ.

"ಅಪ್ಪಾ."

ಅವರು ತಿರುಗಲಿಲ್ಲ.

"ಸರ್."

"ಏನಮ್ಮಾ, ಬೇಗ ಹೇಳು."

"ಅವಳನ್ನ ತೆಗೀಬೇಡ. ಅವಳೇ ಹೊಡೀಲಿ."

ಅಪ್ಪ ನನ್ನ ಮುಖವನ್ನೇ ನೋಡಿದರು. ನಾನು ಅಲ್ಲಿ ಬಾಯಿ ಬಿಟ್ಟಿದ್ದು ಅದೇ ಮೊದಲು. "ನಿಂಗೆ ಗೊತ್ತಾಗಲ್ಲ," ಅಂದರು ಮೆಲ್ಲಗೆ. "ಚೆಂಡು ಹೊರಗೆ ಹೋದ್ರೆ ಇಷ್ಟು ಜನ ಅವಳನ್ನ ಹುರಿದು ಮುಕ್ತಾರೆ. ಆ ಬ್ಯಾಂಕಿನವರ ಹುಡುಗಿ ಅತ್ತಿದ್ದು ನೋಡ್ಲಿಲ್ವಾ ನೀನು? ಗುದ್ದಿದ ಮೇಲೆ ಬ್ರೇಕ್ ಒತ್ತಿ ಏನು ಪ್ರಯೋಜನ?"

"ಅವಳು ಹೊರಗೆ ಹೊಡೆಯಲ್ಲ."

"ಹೊಡೆದ್ರೆ?"

"ತೆಗೆದ್ರೆ ಆಟಾನೇ ಬಿಡ್ತಾಳಂತೆ ಅಪ್ಪಾ."

"ಅವಳೇ ಹೇಳಿದ್ಲಾ?"

"ಹೂಂ."

ಅಪ್ಪ ಅಂಕಣದ ಆಚೆ ತುದಿಗೆ ನೋಡಿದರು. ಮಿಡತೆ ಅಂಗೈಯನ್ನು ಚಡ್ಡಿಗೆ ಉಜ್ಜುತ್ತಾ, ಸರ್ವೀಸ್ ಗೆರೆಯವರೆಗೆ ಹೆಜ್ಜೆ ಹಾಕಿ ನೋಡಿ, ಮತ್ತೆ ತನ್ನ ಜಾಗಕ್ಕೆ ಬರುತ್ತಿದ್ದಳು.

"ಸಿಟ್ಟು ಇಳಿಯುತ್ತೆ," ಅಂದರು. "ಅವಮಾನ ಇಳಿಯಲ್ಲ."

ಸೀಟಿ ಕೇಳಿಸಿತು. ಆ ಚೆಂಡು ನಮಗೇ ಬಂತು. ಇನ್ನು ಒಂದೇ ಅಂಕ. ಮಿಡತೆ ಚೆಂಡನ್ನು ಕೈಗೆತ್ತಿಕೊಂಡಳು.

"ಹನ್ನೊಂದು! ಬಾ ಹೊರಗೆ."

ಅವಳು ಚೆಂಡನ್ನು ಬದಲಿಗೆ ಬಂದ ಉದ್ದದ ಹುಡುಗಿಯ ಕೈಗಿಟ್ಟು, ಬಂದು ನನ್ನ ಪಕ್ಕ ಕೂತಳು. ಬೇಕರಿಯಮ್ಮ "ಛೆ" ಅಂದು ಆಚೆ ನೋಡಿದರು. ಉದ್ದದ ಹುಡುಗಿ ಕಣ್ಣು ಮುಚ್ಚಿಕೊಂಡೇ ಹೊಡೆದಿರಬೇಕು. ಚೆಂಡು ಬಲೆಯ ಅಂಚಿಗೆ ತಾಗಿ, ಹೋಗಲೋ ಬೇಡವೋ ಅಂತ ಯೋಚಿಸಿ, ಆ ಕಡೆಗೆ ಬಿತ್ತು. ಯಾರೂ ಮುಟ್ಟಲಿಲ್ಲ. ಗೆದ್ದೆವು.

ಆಟ ನೋಡಲು ಮೆಟ್ಟಿಲುಗಳ ಮೇಲೆ ಕೂತಿದ್ದ ಅಪ್ಪ ಅಮ್ಮಂದಿರೆಲ್ಲ ಧಡಧಡ ಇಳಿದು ಬಂದರು. ಔಷಧಿ ಅಂಗಡಿಯವರು ಅಪ್ಪನನ್ನು ತಬ್ಬಿಕೊಂಡು, "ನೋಡ್ರಪ್ಪಾ, ಮನುಷ್ಯ ಅಂದ್ರೆ ಇವರು! ಮಗಳು ಅಂತ ಮುಖ ನೋಡ್ಲಿಲ್ಲ," ಅಂದರು.

"ಆ ಬ್ಯಾಂಕಿನ ಮಹಾರಾಯನ್ನ ಕರ್ಕೊಂಡು ಬಂದು ತೋರಿಸ್ಬೇಕಿತ್ತು!" ಅಂದರು ಇನ್ಯಾರೋ.

ಅಪ್ಪನ ಕಿವಿ ಕೆಂಪಾಗಿತ್ತು. ಸಂತೋಷವಾದರೆ ಅವರಿಗೆ ಹಾಗಾಗುತ್ತದೆ.

ಮಿಡತೆ ಎಲ್ಲರ ಜೊತೆ ಕುಣಿದಳು, ಉದ್ದದ ಹುಡುಗಿಯ ಬೆನ್ನು ತಟ್ಟಿದಳು. ಆಮೇಲೆ ಬೇರೆ ಅಂಗಿ ತೊಟ್ಟು ಬೆಂಚಿಗೆ ಬಂದು, ತಂಡದ ಅಂಗಿಯ ತೋಳು ಒಳಗೆ ಮಾಡಿ, ಅಂಗಡಿಯಲ್ಲಿಡುವ ಹಾಗೆ ಮಡಿಸಿ ನನ್ನ ತೊಡೆಯ ಮೇಲಿಟ್ಟಳು.

"ಒಗೆಯೋಕಾ?" ಅಂದೆ.

"ಅಲ್ಲ."

ಬರುವ ದಾರಿಯಲ್ಲಿ ಅಮ್ಮನನ್ನು ಆಸ್ಪತ್ರೆಯ ಗೇಟಿನಲ್ಲಿ ಹತ್ತಿಸಿಕೊಂಡೆವು. ಅಮ್ಮನಿಗೆ ಅಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಬಳಿ ಕೆಲಸ.

"ಏನಾಯ್ತು?"

"ಗೆದ್ವಿ," ಅಂದರು ಅಪ್ಪ.

"ಗೆದ್ದೋರ ಮುಖಾನಾ ಇದು? ಮೂರೂ ಜನ ಹರಳೆಣ್ಣೆ ಕುಡಿದ ಹಾಗಿದ್ದೀರಲ್ಲ!"

ಅಪ್ಪ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿ, "ಐಸ್‌ಕ್ರೀಮ್ ತಿನ್ನೋಣ್ವಾ?" ಅಂದರು.

"ಅಪ್ಪಾ," ಅಂದಳು ಮಿಡತೆ, "ಇದು ಮನೇನಾ, ಅಂಕಣಾನಾ?"

"ಇದು ಕಾರು."

"ಹಾಗಾದ್ರೆ ಹೇಳ್ತೀನಿ. ನಂಗೆ ಆಡ್ಬೇಕು. ನೀನು ಕೋಚ್ ಆಗಿದ್ರೆ ಆಡೋಕಾಗಲ್ಲ. ಬೇಕರಿಯಮ್ಮ ನೋಡ್ಕೊಳ್ಳಲಿ. ನೀನು ಬಂದು ಮೇಲೆ ಮೆಟ್ಟಿಲ ಮೇಲೆ ಎಲ್ಲರ ಜೊತೆ ಕೂತ್ಕೊ."

ಸಿಗ್ನಲ್ ಕೆಂಪಾಯಿತು. ಅಮ್ಮ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು, ನಾನು ಕಿಟಕಿಯಾಚೆ ನೋಡಿದೆ. ಅಪ್ಪನ ಕಿವಿಯ ಕೆಂಪು ಇಳಿದಿತ್ತು. ಸಿಗ್ನಲ್ ಹಸಿರಾಯಿತು, ಹಿಂದಿನವರು ಹಾರ್ನ್ ಹೊಡೆದರು, ಕಾರು ಮುಂದೆ ಹೋಯಿತು.

"ಮೇಲೆ ಕೂತ್ಕೋತೀಯಾ ಅಪ್ಪಾ?" ಅಂದಳು ಮಿಡತೆ.